ಡಂಗುರ ನಮ್ಮದು, ಸುದ್ದಿ ಯಾರದು?



ಇವತ್ತ ಫೆಬ್ರವರಿ 13, ವಿಶ್ವ ರೇಡಿಯೋ ದಿನ. ಬೆಳಿಗ್ಗೆಯಿಂದ ವಾಟ್ಸಾಪ್ ಗ್ರೂಪಿನಾಗ ಹಳೇ ರೇಡಿಯೋದ ಫೋಟೋ ಹಾಕಿ ಶುಭಾಶಯ ಕಳಸಾಕತ್ತಾರ. ಧಾರವಾಡ ಆಕಾಶವಾಣಿಯ ನೆನಪು, ಸಾಂಗ್ಲಿ ಕೇಂದ್ರದ ನೆನಪು, ಹೊಲದ ಬದುವಿನ ಮ್ಯಾಲೆ ಇಟ್ಟಿದ್ದ ಟ್ರಾನ್ಸಿಸ್ಟರಿನ ನೆನಪು. ಓದಿ ನನಗೂ ಖುಷಿ ಆತು. ಆದ್ರ ನನಗ ಮೊದಲು ನೆನಪಾಗಿದ್ದು ರೇಡಿಯೋ ಅಲ್ಲ, ನಮ್ಮ ಮುತ್ಯಾನ ಹಲಗಿ.

ಮುತ್ಯಾ ರಾಯಬಾಗ ತಾಲೂಕಿನ ಒಂದು ಹಳ್ಳಿಯೊಳಗ ಡಂಗುರ ಸಾರತಿದ್ದ. ನಾಳೆ ಕಂದಾಯ ಕಟ್ಟಬೇಕು, ಸಾಹೇಬ್ರು ಬರ್ತಾರ ಚಾವಡಿಗೆ ಬರ್ರಿ, ಬೆಳಿಯಾಗ ದನಾ ಬಿಟ್ರ ದಂಡ ಬೀಳತೈತಿ, ದೊಡ್ಡವರ ಮನಿಯಾಗ ಮದುವಿ ಐತಿ. ಇಂಥ ಸುದ್ದಿ ಓಣಿ ಓಣಿ ತಿರುಗಿ ಹೇಳತಿದ್ದ. ಅವನ ದನಿ ಮುಟ್ಟದ ಮನಿ ಊರಾಗ ಇರಲಿಲ್ಲ. ಆದ್ರ ಅವ ಆ ಮನಿಗಳ ಪಾವಟಿಗಿ ಹತ್ತುವಂಗ ಇರಲಿಲ್ಲ. ನಮ್ಮ ಆಯಿ ಒಂದು ಮಾತು ಹೇಳತಿದ್ಲು: ‘ಇಷ್ಟು ವರ್ಷ ಊರ ಸುದ್ದಿ ಎಲ್ಲಾ ಹೇಳಿದ. ನಮ್ಮ ಮಗಳು ಸತ್ತ ದಿನ ಮಾತ್ರ ಹಲಗಿ ಬಡೀಲಿಲ್ಲ. ನಮ್ಮ ಸುದ್ದಿಗೆ ಯಾರು ಹಲಗಿ ಬಡೀತಾರ?’

ಗೆಳೆಯರೇ, ಊರಿನ ಮೊದಲ ರೇಡಿಯೋ ನಾವೇ. ಮೈಕು ನಾವು, ಟವರ್ ನಾವು, ಪ್ರಸಾರ ನಾವು. ಒಳಗಿನ ಸುದ್ದಿ ಮಾತ್ರ ನಮ್ಮದಲ್ಲ. ಇವತ್ತಿನ ನನ್ನ ಇಡೀ ಪೋಸ್ಟ್ ಈ ಒಂದು ಮಾತಿನ ಮ್ಯಾಲೆ ಐತಿ. ಉದ್ದ ಆಗತೈತಿ, ಸಾವಕಾಶ ಓದ್ರಿ.

ಬಾಂಬೆ ಪ್ರಾಂತದಾಗ ಈ ಬಿಟ್ಟಿ ಚಾಕರಿಗೆ ವತನ ಅನ್ನೋ ದೊಡ್ಡ ಹೆಸರಿತ್ತು. ಬಾಬಾಸಾಹೇಬರು 1928ರಲ್ಲಿ ಬಾಂಬೆ ಶಾಸನ ಸಭೆಯಲ್ಲಿ ವತನ ಕಾಯ್ದೆಯ ತಿದ್ದುಪಡಿ ಮಸೂದೆ ಮಂಡಿಸಿದರು. ನಮ್ಮ ಕಡೆ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ. ವತನ ಹೋಯಿತು. ಆದರೆ ಊರು ಮಾತಾಡಬೇಕು, ಕೇರಿ ಕೇಳಬೇಕು ಅನ್ನೋ ಪದ್ಧತಿ ಹೋಯಿತಾ? ಇಲ್ಲ. ಮಾಧ್ಯಮ ಬದಲಾಗ್ಯಾವು, ಅಷ್ಟ.

ನಮ್ಮ ಹೋರಾಟ ಶುರುವಾಗಿದ್ದೇ ದನಿಯಿಂದ ಅನ್ನೋದನ್ನ ಮರೀಬಾರದು. 1920ರ ಜನವರಿ 31ರಂದು ಬಾಬಾಸಾಹೇಬರು ಪತ್ರಿಕೆ ತೆಗೆದಾಗ ಇಟ್ಟ ಹೆಸರು ‘ಮೂಕನಾಯಕ’. ಅದೇ ವರ್ಷ ಮಾರ್ಚ್‌ನಲ್ಲಿ ಶಾಹು ಮಹಾರಾಜರ ಎದುರಿಗೆ ಪರಿಷತ್ತು ನಡೆದ ಮಾಣಗಾಂವ ನಮ್ಮ ನಿಪ್ಪಾಣಿಗೆ ಏನು ದೂರದ ಊರಲ್ಲ. 1925ರ ಏಪ್ರಿಲ್‌ನಲ್ಲಿ ಬಾಂಬೆ ಪ್ರಾಂತದ ಬಹಿಷ್ಕೃತ ಪರಿಷತ್ತು ಸೇರಿದ್ದು ನಿಪ್ಪಾಣಿಯಲ್ಲೇ, ಬಾಬಾಸಾಹೇಬರು ಬಂದಿದ್ದರು. ಆ ಪರಿಷತ್ತಿಗೆ ನೂರು ವರ್ಷ ತುಂಬೈತಿ. ಬಾಬಾಸಾಹೇಬರು ಬಂದಿದ್ದು ಪುಸ್ತಕದಾಗ ಐತಿ. ಆದ್ರ ಅವತ್ತ ನಡಕೊಂಡು ಬಂದು ಕೂತು ಕೇಳಿದವರು ಯಾರು? ಯಾವ ಹಳ್ಳಿಯಿಂದ ಬಂದ್ರು? ಬುತ್ತಿ ಯಾರು ಕಟ್ಟಿಕೊಟ್ರು? ತಿರುಗಿ ಹೋದ ಮ್ಯಾಲೆ ಊರಾಗ ಏನಾತು? ಕೇಳೋಣಂದ್ರ ಅವರ ಮಕ್ಕಳೂ ಈಗ ಉಳಿದಿಲ್ಲ. 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ ಬಾಬಾಸಾಹೇಬರು ತಮ್ಮ ಜೀವನ ತತ್ವದ ಬಗ್ಗೆ ಮಾತಾಡಿದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ತಮಗೆ ಸಿಕ್ಕಿದ್ದು ಫ್ರೆಂಚ್ ಕ್ರಾಂತಿಯಿಂದ ಅಲ್ಲ, ಬುದ್ಧನಿಂದ ಅಂತ ಹೇಳಿದ್ದು ಅದೇ ಭಾಷಣದಲ್ಲಿ. ನಾಯಕನ ದನಿ ರೇಡಿಯೋಕ್ಕೆ ಹೋಯಿತು. ಜನರ ದನಿ ಹೋಗಲಿಲ್ಲ.

ಈಗ ನಿಪ್ಪಾಣಿಯದೇ ಇನ್ನೊಂದು ಕತಿ ಹೇಳತೀನಿ.

1981ರ ತಂಬಾಕು ರೈತರ ಚಳವಳಿ ಎಲ್ಲರಿಗೂ ಗೊತ್ತು. ಶರದ್ ಜೋಶಿ ಅವರ ಮುಂದಾಳತನ, ಹೆದ್ದಾರಿ ತಡೆ, ಏಪ್ರಿಲ್ 6ರ ಗೋಲಿಬಾರ್, ರೈತರ ಸಾವು. ಅದು ನೆನಪಿಡಬೇಕಾದ ಹೋರಾಟ, ಎರಡು ಮಾತಿಲ್ಲ. ಆದ್ರ ಅದೇ ಕಾಲಕ್ಕ ಅದೇ ಊರಿನ ತಂಬಾಕು ವಖಾರಗಳ ಒಳಗ ಇನ್ನೊಂದು ಹೋರಾಟ ನಡೆದಿತ್ತು. ತಂಬಾಕು ಕುಟ್ಟೋ, ಜರಡಿ ಹಿಡಿಯೋ, ಘಾಟಿಗೆ ಕೆಮ್ಮಿ ಕೆಮ್ಮಿ ರಾತ್ರಿ ನಿದ್ದಿ ಇಲ್ಲದ ಹೆಣ್ಣುಮಕ್ಕಳು ಯೂನಿಯನ್ ಕಟ್ಟಿದ್ರು. ಸಾವಿರಗಟ್ಟಲೆ ಹೆಂಗಸರು. ದಲಿತರು ಇದ್ರು, ಮುಸ್ಲಿಮರು ಇದ್ರು, ದೇವದಾಸಿ ತಾಯಂದಿರು ಇದ್ರು. ಕೂಲಿ ಏರಿಸ್ರಿ, ಮೈ ಮುಟ್ಟೋದು ನಿಲ್ಲಸ್ರಿ ಅಂತ ಮಾಲಕರ ಎದುರು ನಿಂತ್ರು.

ಇವರ ಕತಿ ಎಲ್ಲಿ ಐತಿ ಗೊತ್ತೇನು? ದೀಪಾ ಧನರಾಜ್ ಮತ್ತು ಗೆಳತಿಯರ ‘ಯುಗಾಂತರ್’ ತಂಡ 1982ರಲ್ಲಿ ಈ ಹೆಣ್ಣುಮಕ್ಕಳ ಜೋಡಿ ಕೂತು ‘ತಂಬಾಕು ಚಾಕಿಲಾ ಊಬ್ ಆಲಿ’ ಅನ್ನೋ ಸಣ್ಣ ಚಿತ್ರ ಮಾಡಿತು. ಆ ಚಿತ್ರವನ್ನ ಕೆಡದಂಗ ಡಿಜಿಟಲ್ ಮಾಡಿ ಉಳಿಸಿದ್ದು ಬರ್ಲಿನ್‌ನ ಆರ್ಸೆನಲ್ ಸಂಸ್ಥೆ. ಛಾಯಾ ದಾತಾರ್ ಅವರು ಇದೇ ಹೆಣ್ಣುಮಕ್ಕಳ ಸಂಘಟನೆ ಮ್ಯಾಲೆ ‘ವೇಜಿಂಗ್ ಚೇಂಜ್’ ಅನ್ನೋ ಇಂಗ್ಲಿಷ್ ಪುಸ್ತಕ ಬರೆದರು, ಅದು 1989ರಲ್ಲಿ ದಿಲ್ಲಿಯಿಂದ ಬಂತು. ಮಾಡಿದವರಿಗೆ, ಬರೆದವರಿಗೆ ಕೈ ಮುಗೀತೀನಿ. ಅವರು ಮಾಡದಿದ್ರ ಇಷ್ಟೂ ಉಳೀತಿರಲಿಲ್ಲ. ಆದ್ರ ನಾ ಹೋದ ವರ್ಷ ನಿಪ್ಪಾಣಿಯ ಒಂದು ಓಣಿಯಾಗ ಬೀಡಿ ಕಟ್ಟೋ ಹುಡುಗೀರನ್ನ ಕೇಳಿದೆ. ಒಬ್ಬಾಕಿಗೂ ಈ ಚಿತ್ರದ ಸುದ್ದಿ ಗೊತ್ತಿರಲಿಲ್ಲ. ಅದ ಓಣಿಯಾಗ ಒಬ್ಬಾಕಿ ಅಜ್ಜಿ ಬಾಗಿಲದಾಗ ಕೂತಿದ್ಲು. ‘ನಾನೂ ಮೆರವಣಿಗಿಗೆ ಹೋಗಿದ್ನಿ ತಮ್ಮಾ, ಯಾರೂ ಕೇಳಲಿಲ್ಲಂತ ಹೇಳಲಿಲ್ಲ’ ಅಂದ್ಲು. ಮೊಮ್ಮಗಳು ಆಕಿ ಮುಖಾ ನೋಡಾಕತ್ತಿದ್ಲು. ಒಂದ ಮನಿಯಾಗ ಇದ್ದವರು, ಒಬ್ಬರ ಕತಿ ಒಬ್ಬರಿಗೆ ಗೊತ್ತಿಲ್ಲ. ನಮ್ಮ ಕತಿ ಬರ್ಲಿನ್‌ಗೆ ಮುಟ್ಟೈತಿ, ಪಕ್ಕದ ಕೋಣಿಗೆ ಮುಟ್ಟಿಲ್ಲ.

ಅಥಣಿ ಚಪ್ಪಲಿದೂ ಇದ ಹಣೆಬರಹ. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಶೋದಾಗ ಪ್ರಾಡಾ ಕಂಪನಿ ನಮ್ಮ ಚಪ್ಪಲಿಯಂಥದ್ದನ್ನ ತೋರಿಸಿತು, ಎಲ್ಲಿಯದು ಅಂತ ಹೇಳಲಿಲ್ಲ. ಗದ್ದಲ ಆತು. ಆಮ್ಯಾಲೆ ಒಪ್ಪಿಕೊಂಡರು. ಡಿಸೆಂಬರಿನಾಗ ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಂ ಜೋಡಿ ಒಪ್ಪಂದ ಆತು. 2,000 ಜೋಡಿ, ಒಂದು ಜೋಡಿಗೆ ಸುಮಾರು 800 ಯುರೋ ಅಂತ ಸುದ್ದಿ ಬಂತು. ಈ ಚಪ್ಪಲಿಯ ಜಿಐ ಟ್ಯಾಗ್ ಎಂಟು ಜಿಲ್ಲೆಗೆ ಐತಿ, ಆ ಕಡೆ ನಾಲ್ಕು, ಈ ಕಡೆ ನಮ್ಮ ಬೆಳಗಾವಿ ಸೇರಿ ನಾಲ್ಕು. ಆ ತಿಂಗಳು ಟಿವಿಯವರು ಬಂದ್ರು. ಕ್ಯಾಮೆರಾ ಹಿಡದು ಕೇಳಿದ್ದು ಒಂದ ಪ್ರಶ್ನೆ: ‘ಪ್ರಾಡಾ ಬಗ್ಗೆ ಏನು ಅನಸತೈತಿ?’

ಯಾಕ, ಸಮಗಾರ ಕಾಕಾನ್ನ ಕೇಳಾಕ ಬ್ಯಾರೆ ಪ್ರಶ್ನೆ ಇಲ್ಲೇನು? ಜಾಲಿ ತೊಗಟಿ, ಅಳಲೆಕಾಯಿ ಹಾಕಿ ಚರ್ಮ ಹದ ಮಾಡೋ ವಿದ್ಯಾ ನಿಮಗ ಯಾರು ಕಲಿಸಿದ್ರು? ಅಥಣಿ, ಮದಭಾವಿ, ನಿಪ್ಪಾಣಿಯಾಗ ಹೊಲಿದ ಚಪ್ಪಲಿಗೆ ಕೊಲ್ಹಾಪುರಿ ಅನ್ನೋ ಹೆಸರು ಬಂದಾಗ ನಿಮಗ ಏನು ಅನಸತೈತಿ? ಮಗ ಈ ಕೆಲಸ ಮಾಡಲಿ ಅಂತೀರೋ, ಬ್ಯಾಡ ಅಂತೀರೋ? ಹೆಣೆಗಿ ಹಾಕೋ ಕಾಕುಗೆ ಜೋಡಿಗೆ ಎಷ್ಟು ಬೀಳತೈತಿ? ನೀವು ಹೊಲಿದ ಚಪ್ಪಲಿ ಮೆಟ್ಟಿಕೊಂಡು ನೀವ ಊರ ಅಗಸಿ ದಾಟುವಂಗ ಇರಲಿಲ್ಲಂತ, ಆ ಕಾಲ ನಿಮ್ಮ ಅಪ್ಪ ಕಂಡಿದ್ದನೇನು? ಇದನ್ನ ಮಿಲಾನ್ ಕೇಳೋದಿಲ್ಲ. ಬೆಂಗಳೂರೂ ಕೇಳೋದಿಲ್ಲ. ಇದನ್ನ ಕೇಳಬೇಕಾದವರು ಪಕ್ಕದ ಓಣಿಯ ಹುಡುಗ ಹುಡುಗೀರು.

ಇದಕ್ಕ ನಾ ಸಮುದಾಯ ರೇಡಿಯೋ ಅನ್ನಾಕತ್ತೀನಿ. ಇದು ಕನಸಿನ ಮಾತಲ್ಲ. ಮಾಡಿ ತೋರಿಸಿದವರು ಅದಾರ, ಅದೂ ನಮ್ಮ ಹೆಣ್ಣುಮಕ್ಕಳು.

ಬೀದರ್ ದಾಟಿದ ಕೂಡಲೇ ತೆಲಂಗಾಣದ ಜಹೀರಾಬಾದ್. ಅಲ್ಲಿಯ ಪಸ್ತಾಪುರದಾಗ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಣ್ಣುಮಕ್ಕಳು, ಬಹುತೇಕ ದಲಿತರು, ಸಣ್ಣ ಹಿಡುವಳಿಯವರು, ‘ಸಂಘಂ ರೇಡಿಯೋ’ ನಡಸತಾರ. ಆ ಸಂಸ್ಥೆ ಕಟ್ಟಿದವರೊಳಗ ಮುಖ್ಯರು ನಮ್ಮ ಮೈಸೂರಿನ ಪಿ.ವಿ. ಸತೀಶ್. ಯುನೆಸ್ಕೋ ನೆರವಿನಿಂದ 1990ರ ದಶಕದ ಕೊನೆಗೇ ಸ್ಟುಡಿಯೋ ಆಗಿತ್ತು, ಆದ್ರ ಸರ್ಕಾರ ಲೈಸೆನ್ಸ್ ಕೊಡಲಿಲ್ಲ. ಆ ಹೆಣ್ಣುಮಕ್ಕಳು ಕೈ ಕಟ್ಟಿ ಕೂಡಲಿಲ್ಲ. ಕ್ಯಾಸೆಟ್ಟಿನಾಗ ರೆಕಾರ್ಡ್ ಮಾಡಿ, ಸಂಘದ ಸಭೆಯೊಳಗ ಟೇಪ್ ಹಚ್ಚಿ ಕೇಳಸತಿದ್ರು. ಹತ್ತು ವರ್ಷ ಹಿಂಗ ನಡೀತು. 2008ರ ಅಕ್ಟೋಬರ್ 15ಕ್ಕ ಪ್ರಸಾರ ಶುರು ಆತು. ನಡೆಸಿದ ಇಬ್ಬರ ಹೆಸರೂ ನರಸಮ್ಮ: ಜನರಲ್ ನರಸಮ್ಮ, ಅಲ್ಗೋಲ್ ನರಸಮ್ಮ. ಅವರ ರೇಡಿಯೋದಾಗ ಪೇಟೆ ತೆಲುಗು ಇಲ್ಲ, ಕೇರಿಯ ತೆಲುಗು. ಬೀಜದ ಮಾತು, ಹಬ್ಬದ ಹಾಡು, ಬಾಣಂತನದ ಮದ್ದು, ಒಬ್ಬಾಕಿ ತನ್ನ ಹೊಲದ ಕತಿ ಹೇಳೋದು. ಕೇಳವರೂ ಅವರ, ಹೇಳವರೂ ಅವರ.

ನಮ್ಮ ರಾಜ್ಯದಾಗೂ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಐತಿ. ಲೈಸೆನ್ಸ್ ಸಿಗದ ಕಾಲಕ್ಕ ಅವರು ಕೇಬಲ್ ತಂತಿ ಮ್ಯಾಲೆ ಹಳ್ಳಿಗೆ ದನಿ ಮುಟ್ಟಿಸಿದ್ರು.

ಕಾನೂನು ಏನು ಹೇಳತೈತಿ ಕೇಳ್ರಿ. 1995ರ ಫೆಬ್ರವರಿ 9ರಂದು ಸುಪ್ರೀಂ ಕೋರ್ಟ್ ಹೇಳಿತು: ಗಾಳಿಯ ತರಂಗ ಸಾರ್ವಜನಿಕ ಆಸ್ತಿ. ಅಂದ್ರ ಊರ ಕೆರಿ ಇದ್ದಂಗ. ಚವದಾರ ಕೆರೆಯ ನೀರು ಮುಟ್ಟಿದ ಜನ ನಾವು, ಈ ಕೆರೆಯ ದಂಡಿಗೆ ಯಾಕ ದೂರ ನಿಂತೀವಿ? 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅವಕಾಶ ಕೊಟ್ರು. 2006ರ ನವೆಂಬರಿನಲ್ಲಿ ಲಾಭಕ್ಕಾಗಿ ಇಲ್ಲದ ಸಂಘ ಸಂಸ್ಥೆಗಳಿಗೂ ಬಾಗಿಲು ತೆಗೆದರು. ನೋಂದಣಿಯಾಗಿ ಮೂರು ವರ್ಷ ಕೆಲಸ ಮಾಡಿರಬೇಕು. ಒಬ್ಬ ವ್ಯಕ್ತಿಗೆ ಕೊಡೋದಿಲ್ಲ, ರಾಜಕೀಯ ಪಕ್ಷ ಮತ್ತು ಅದರ ಅಂಗಸಂಸ್ಥೆಗೆ ಕೊಡೋದಿಲ್ಲ. ಕಾರ್ಯಕ್ರಮದ ಅರ್ಧದಷ್ಟಾದರೂ ಸ್ಥಳೀಯವಾಗಿ ತಯಾರಾಗಬೇಕು, ಆದಷ್ಟು ಸ್ಥಳೀಯ ಭಾಷೆಯಲ್ಲೇ ಇರಬೇಕು.

ಈ ಭಾಷೆಯ ಮಾತು ನಮ್ಮ ಗಡಿಯಾಗ ಭಾಳ ದೊಡ್ಡದು. ಮಹಾಜನ ವರದಿ, 2004ರ ದಾವೆ, ಕನ್ನಡ ಬೋರ್ಡ್, ಮರಾಠಿ ಬೋರ್ಡ್, ಬಸ್ಸಿಗೆ ಕಲ್ಲು. ಈ ಜಗಳದಾಗ ನಮ್ಮ ಹುಡುಗರನ್ನೂ ಎರಡೂ ಕಡೆಯವರು ಮುಂದ ನಿಲ್ಲಸತಾರ. ನಮ್ಮ ಕೇರಿಯಾಗ ಒಂದ ವಾಕ್ಯದೊಳಗ ಎರಡೂ ಭಾಷೆ ಇರತಾವು. ಆಯಿ ಲಾಲಿ ಹಾಡಿದ್ದು ಒಂದರಾಗ, ಬೈದಿದ್ದು ಇನ್ನೊಂದರಾಗ. ಈ ಮಾತು ಯಾವ ರೇಡಿಯೋದಾಗೂ ಬರೋದಿಲ್ಲ. ಅಲ್ಲಿ ಒಂದೋ ಶುದ್ಧ ಕನ್ನಡ, ಇಲ್ಲಾ ಶುದ್ಧ ಮರಾಠಿ. ಕೇರಿಯ ಬಾಯಿಗೆ ಬರೋ ಮಾತು ಹಂಗಿಂದ ಹಂಗ ಹೋಗೋ ರೇಡಿಯೋ ನಮಗ ಬೇಕು.

ಈಗ ಕೆಲವರು ಕೇಳತಾರ: ‘ಅಣ್ಣಾರ, ಯೂಟ್ಯೂಬ್ ಐತಿ, ಫೇಸ್‌ಬುಕ್ ಐತಿ, ಈ ಕಾಲದಾಗ ರೇಡಿಯೋ ಯಾಕ?’ ಪ್ರಶ್ನೆ ಬರೋಬ್ಬರಿ ಐತಿ. ಉತ್ತರ ಹೇಳತೀನಿ. ಯೂಟ್ಯೂಬ್ ಮುಖಾ ಕೇಳತೈತಿ. ಮುಖಾ ತೋರಿಸಿದ್ರ ನಾಳೆ ಹೊಲಕ್ಕ ಕೆಲಸಕ್ಕ ಕರಿಯೋದಿಲ್ಲ ಅನ್ನೋ ಅಂಜಿಕೆ ನಮ್ಮ ಕೂಲಿ ತಾಯಿಗೆ ಐತಿ. ದನಿಗೆ ಹೆಸರು ಬದಲಿ ಮಾಡಬಹುದು. ಇನ್ನೊಂದು, ರೇಡಿಯೋ ಕೈ ಬಿಡಿಸೋದಿಲ್ಲ. ಬೀಡಿ ಕಟಗೋತ, ಹೆಣೆಗಿ ಹಾಕೋತ, ರೊಟ್ಟಿ ಬಡೀತ ಕೇಳಬಹುದು. ಡಾಟಾ ಪ್ಯಾಕ್ ಬ್ಯಾಡ. ಕೃಷ್ಣಾ ನದಿ 2019ರಾಗ, 2021ರಾಗ ಏರಿ ಬಂದಾಗ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ನದಿ ದಂಡಿ ಊರುಗಳಾಗ ಕರೆಂಟ್ ಇಲ್ಲ, ಫೋನ್ ಚಾರ್ಜ್ ಇಲ್ಲ. ಅಂಥ ವ್ಯಾಳ್ಯಾದಾಗ ಎರಡು ಸೆಲ್ಲಿನ ರೇಡಿಯೋ ಹತ್ತತೈತಿ.

ಇನ್ನೊಂದು ಆಕ್ಷೇಪ: ‘ಸಮುದಾಯ ರೇಡಿಯೋದಾಗ ಸ್ವಂತ ಸುದ್ದಿ ಓದಂಗಿಲ್ಲ, ಆಕಾಶವಾಣಿ ಸುದ್ದಿನ ಮರುಪ್ರಸಾರ ಮಾಡಬೇಕು. ದೌರ್ಜನ್ಯದ ಸುದ್ದಿ ಹೇಳದ ರೇಡಿಯೋ ನಮಗ ಯಾಕ?’ ಈ ನಿಯಮ ತಪ್ಪು, ಇದರ ವಿರುದ್ಧ ಹೋರಾಡಬೇಕು. ಆದ್ರ ಒಂದು ಮಾತು. ಕಬ್ಬಿನ ಗ್ಯಾಂಗಿಗೆ ಹೋದ ಒಬ್ಬ ತಾಯಿ ತನ್ನ ದಿನಾ ಹೆಂಗ ಶುರು ಆಗತೈತಿ, ಮುಕಾದಮ ಉಚಲ ಕೊಟ್ಟಾಗ ಲೆಕ್ಕ ಹೆಂಗ ಬರಕೊಂಡ, ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿ ಒಂದು ‘ಕೊಯತಾ’ ಅಂತ ಯಾಕ ಎಣಿಸಿದ ಅಂತ ಹೇಳಿದ್ರ, ಅದು ಸುದ್ದಿನಾ, ಬದುಕಾ? ಅದು ಬದುಕು. ಬದುಕು ಹೇಳಾಕ ಯಾವ ಕಾನೂನೂ ಅಡ್ಡ ಇಲ್ಲ. ಆಕಿ ಹೇಳಿದ ಆ ಅರ್ಧ ತಾಸಿನಾಗ ಹತ್ತು ಸುದ್ದಿ ವಾಹಿನಿ ಹೇಳದ ಸತ್ಯ ಇರತೈತಿ. ನೂರು ಮಂದಿ ಹೆಣ್ಣುಮಕ್ಕಳು ‘ಅಯ್ಯ, ನಂದೂ ಹಿಂಗ ಐತಿ’ ಅಂದ್ರ, ಸಂಘಟನೆ ಅಲ್ಲೇ ಹುಟ್ಟತೈತಿ. ನಿಪ್ಪಾಣಿ ವಖಾರದಾಗೂ ಮೊದಲು ಹಿಂಗ ಮಾತಾಡಿಕೊಂಡ ಆಮ್ಯಾಲೆ ಯೂನಿಯನ್ ಆಗಿದ್ದು.

ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಕತಿ ಹೇಳತೀವಿ ಅಂತ ಬಂದವರ ಕೈಯಾಗ ನಾವು ಭಾಳ ಅನುಭವಿಸೀವಿ. ಅಥಣಿ, ರಾಯಬಾಗ ಕಡೆಯ ದೇವದಾಸಿ ತಾಯಂದಿರನ್ನ ಕೇಳ್ರಿ. 1982ರ ನಿಷೇಧ ಕಾಯ್ದೆ ಬಂದಾಗಿನಿಂದ ಎಷ್ಟು ಮಂದಿ ಬಂದು ಫೋಟೋ ತಗೊಂಡ್ರು, ಕಣ್ಣಿಗೆ ಕರೇ ಪಟ್ಟಿ ಹಚ್ಚಿ ಛಾಪಿಸಿದ್ರು! ಅಥಣಿಯ ವಿಮೋಚನಾ ಸಂಘದಂಥವರು ಅವರ ಮಕ್ಕಳಿಗೆ ಸಾಲಿ ಕಟ್ಟಿ ನಿಂತ್ರು, ಅದು ಬ್ಯಾರೆ ಮಾತು. ಆದ್ರ ಬಹಳ ಮಂದಿಗೆ ಬೇಕಾಗಿದ್ದು ಕಣ್ಣೀರು ಮಾತ್ರ. ನಮಗ ಪರಿಚಯದ ಒಬ್ಬ ತಾಯಿಯನ್ನ ಒಂದು ತಂಡದವರು ಎರಡು ತಾಸು ಮಾತಾಡಿಸಿದ್ರು. ಚೌಡಿಕೆ ಹೆಂಗ ಕಲಿತೆ ಅಂತ ಹೇಳಿದ್ಲು, ಮಗಳನ್ನ ನರ್ಸ್ ಮಾಡಿದ್ದು ಹೇಳಿದ್ಲು, ನಗಸಿದ್ಲು. ಹೊರಗ ಬಂದಿದ್ದು ಮೂರು ನಿಮಿಷ, ಆಕಿ ಅತ್ತ ಮೂರು ನಿಮಿಷ. ‘ನಾ ಅಷ್ಟ ಏನು?’ ಅಂತ ನನ್ನ ಕೇಳಿದ್ಲು. ನನ್ನ ಹತ್ರ ಉತ್ತರ ಇರಲಿಲ್ಲ.

ನಮ್ಮ ರೇಡಿಯೋ ಬಂದ್ರ ಅದು ಮತ್ತೊಂದು ಕಣ್ಣೀರಿನ ಅಂಗಡಿ ಆಗಬಾರದು. ಕೇರಿಯಾಗ ನೋವು ಐತಿ, ನಗಿನೂ ಐತಿ. ಕುಸ್ತಿ ಹಿಡಿದವರು ಅದಾರ, ಸೂಲಗಿತ್ತಿ ಅದಾಳ, ಬ್ಯಾಂಡಿನವ ಅದಾನ, ಗಂಡನ್ನ ಬಿಟ್ಟು ಬಂದು ಹೋಟೆಲ್ ಹಾಕಿದಾಕಿ ಅದಾಳ, ಪೌರಕಾರ್ಮಿಕನ ಮಗಳು ಪಿಎಸ್‌ಐ ಪರೀಕ್ಷೆಗೆ ಓದಾಕತ್ತಾಳ. ಇವರೆಲ್ಲ ಪೂರ್ತಿ ಮನುಷ್ಯರಾಗಿ ಬರಬೇಕು.

ಮತ್ತೊಂದು ಕಹಿ ಮಾತು, ಇದು ನಮಗ ನಾವ ಹೇಳಿಕೊಳ್ಳೋದು. ಬೈಕೊಂಡ್ರೂ ಅಡ್ಡಿಯಿಲ್ಲ.

ನಮ್ಮ ಸಭೆಗಳಾಗ ಮೈಕು ಯಾರ ಕೈಯಾಗ ಇರತೈತಿ? ನಮ್ಮಂಥ ಭಾಷಣಕಾರರ ಕೈಯಾಗ. ಹೆಣ್ಣುಮಕ್ಕಳು ನೂರು ಮಂದಿಗೆ ಭಾಕ್ರಿ ಬಡದು, ಕೊನೆಗೆ ಬಂದು ಹಿಂದ ಕೂಡತಾರ. ಜಯಂತಿಗೆ ಡಿಜೆ ತರತೀವಿ, ಸಾವಿರಾರು ರೂಪಾಯಿ ಸುರೀತೀವಿ. ಒಂದು ರಾತ್ರಿ ಕಿವಿ ಕಿತ್ತು ಹೋಗೋವಂಗ ಸಪ್ಪಳ, ಮುಂಜಾನೆ ಏನೂ ಇಲ್ಲ. ಊರಿಗೆ ನಮ್ಮ ದನಿ ಕೇಳಸಬೇಕು ಅನ್ನೋ ಹಟ ನನಗೂ ಅರ್ಥ ಆಗತೈತಿ, ತಲಿಮಾರು ಬಾಯಿ ಮುಚ್ಚಿಸಿದ ಊರದು. ಆದ್ರ ಡಿಜೆಯಿಂದ ಊರಿಗೆ ಕೇಳಿಸೋದು ಸಪ್ಪಳ, ದನಿ ಅಲ್ಲ. ಚಿಕ್ಕೋಡಿ ಮೀಸಲು ಕ್ಷೇತ್ರ ಇದ್ದಾಗ ಬಿ. ಶಂಕರಾನಂದ ಅವರನ್ನ ಏಳು ಸಲ ಲೋಕಸಭೆಗೆ ಕಳಿಸಿದ ಜನ ನಾವು. ಈಗ ರಾಯಬಾಗ, ಕುಡಚಿ ಎರಡೂ ಮೀಸಲು. ಕುರ್ಚಿ ಸಿಕ್ಕಾವು, ಸಿಗಬೇಕಾದ್ದ. ಆದ್ರ ಕುರ್ಚಿ ಸಿಕ್ಕ ಕೂಡಲೇ ಕೇರಿಗೆ ಬಾಯಿ ಬರೋದಿಲ್ಲ ಅನ್ನೋದು ನಮ್ಮ ಕಣ್ಣ ಮುಂದ ಐತಿ.

ಹಂಗಾದ್ರ ಏನು ಮಾಡೋಣು? ನನ್ನ ತಲಿಯಾಗ ಇದ್ದದ್ದು ಇಷ್ಟು.

ಒಂದು. ಸಮುದಾಯ ರೇಡಿಯೋಕ್ಕೆ 100 ವಾಟ್ ಶಕ್ತಿಯ ಮಿತಿ ಐತಿ, ಹತ್ತು ಹದಿನೈದು ಕಿಲೋಮೀಟರ್ ಮುಟ್ಟತೈತಿ. ಐದು ತಾಲೂಕಿಗೆ ಒಂದು ಸಾಲೋದಿಲ್ಲ. ನಿಪ್ಪಾಣಿಯಿಂದ ಶುರು ಮಾಡೋಣು. ಮೂರು ವರ್ಷ ನೋಂದಣಿ ಆಗಿರೋ, ಲೆಕ್ಕಪತ್ರ ಸರಿ ಇರೋ, ಪಕ್ಷಕ್ಕ ಕಟ್ಟಿಬೀಳದ ಸಂಘ ನಮ್ಮೊಳಗ ಯಾವುದು ಐತಿ ಅಂತ ಮೊದಲು ಕೂತು ನೋಡಬೇಕು. ಇಲ್ಲಾ ಅಂದ್ರ ಇವತ್ತ ಒಂದು ನೋಂದಣಿ ಮಾಡಸಬೇಕು. ದೊಡ್ಡ ಶಿಕ್ಷಣ ಸಂಸ್ಥೆ, ಸಕ್ಕರಿ ಕಾರ್ಖಾನಿಯವರು ಕಟ್ಟಿದ ಟ್ರಸ್ಟು ರೇಡಿಯೋ ಹಾಕಿ ನಮಗ ವಾರಕ್ಕ ಅರ್ಧ ತಾಸು ಕೊಟ್ರ, ಅದು ಮತ್ತ ಡಂಗುರದ ಕೆಲಸ.

ಎರಡು. ದುಡ್ಡು. ಕರ್ನಾಟಕದಾಗ 2013ರಿಂದ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಐತಿ. ಆ ದುಡ್ಡು ರಸ್ತೆಗೆ ಹೋತು, ಅದಕ್ಕ ಹೋತು, ಇದಕ್ಕ ಹೋತು ಅಂತ ವರ್ಷಾ ಬೈತೀವಿ. ಕೇರಿಯ ಹೆಣ್ಣುಮಕ್ಕಳು ನಡೆಸೋ ರೇಡಿಯೋಕ್ಕೆ, ಅವರ ತರಬೇತಿಗೆ, ಅವರ ಸಂಬಳಕ್ಕ ಆ ನಿಧಿಯಾಗ ಪಾಲು ಕೇಳೋಣು. ಜಿಲ್ಲಾ ಸಭೆಯೊಳಗ ಈ ಬೇಡಿಕೆ ಮೊದಲನೇ ಸಲ ನಮ್ಮಿಂದ ಹೋಗಲಿ.

ಮೂರು. ನಿಯಮ ನಾವ ಬರಕೊಳ್ಳೋಣು. ಹೇಳಿದವರಿಗೆ ಮೊದಲು ಕೇಳಿಸಬೇಕು, ಅವರು ಹೂಂ ಅಂದ ಮ್ಯಾಲೆ ಪ್ರಸಾರ. ಬ್ಯಾಡ ಅಂದ್ರ ಅಳಿಸಬೇಕು. ಹೆಸರು ಬ್ಯಾಡ ಅಂದ್ರ ಹೆಸರಿಲ್ಲ. ಅವರ ಮಾತನ್ನ ‘ಶುದ್ಧ’ ಮಾಡೋ ಹಕ್ಕು ಯಾರಿಗೂ ಇಲ್ಲ. ನಡೆಸೋ ಸಮಿತಿಯಾಗ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಇರಬೇಕು. ಹೊಲೆಯ, ಮಾದಿಗ, ಸಮಗಾರ, ಡೋರ, ಮಹಾರ, ಮಾಂಗ ಅಂತ ನಮ್ಮೊಳಗ ಇರೋ ಗೋಡಿ ಆ ಸಮಿತಿಯಾಗ ಇರಬಾರದು.

ನಾಲ್ಕು. ಲೈಸೆನ್ಸ್ ಬರೂತನ ಕಾಯೋದು ಬ್ಯಾಡ. ಪಸ್ತಾಪುರದವರು ಹತ್ತು ವರ್ಷ ಟೇಪಿನ ಮ್ಯಾಲೆ ನಡೆಸಿದ್ರು. ನಮ್ಮ ಎಲ್ಲರ ಕಿಸೆದಾಗ ರೆಕಾರ್ಡರ್ ಐತಿ. ಏಪ್ರಿಲ್ 14ಕ್ಕ ಎರಡು ತಿಂಗಳು ಉಳದೈತಿ. ಒಬ್ಬೊಬ್ಬರು ಒಬ್ಬ ಹಿರಿಯರ ದನಿ ತುಂಬಿಕೊಳ್ಳೋಣು. ನಾಯಕರ ದನಿ ಬ್ಯಾಡ, ಅವು ಸಾಕಷ್ಟು ಅದಾವು. ನಿಮ್ಮ ಆಯಿದು, ಪಕ್ಕದ ಮನಿ ಕಾಕುದು, ಹಲಗಿ ಬಿಟ್ಟ ಮುತ್ಯಾಂದು. ಫೋನ್ ಹತ್ರ ಇಟ್ಟು, ಫ್ಯಾನ್ ಬಂದ್ ಮಾಡಿ, ಒಂದು ಪ್ರಶ್ನೆ ಕೇಳಿ ಸುಮ್ಮನ ಕೂಡ್ರಿ. ನಡುವ ಬಾಯಿ ಹಾಕಬ್ಯಾಡ್ರಿ, ನಮ್ಮಂಥ ಕಾರ್ಯಕರ್ತರಿಗೆ ಇದ ಭಾಳ ಕಷ್ಟದ ಕೆಲಸ.

ಈ ಸಲ ನಮ್ಮೂರ ಜಯಂತಿಯಾಗ ಒಂದು ತಾಸು ಡಿಜೆ ಬಂದ್ ಇಟ್ಟು, ಅದ ಸ್ಪೀಕರಿನಾಗ ಈ ದನಿಗಳನ್ನ ಹಚ್ಚಬೇಕು ಅಂತ ಹುಡುಗರ ಜೋಡಿ ಮಾತಾಡೀನಿ. ಮೊದಲು ನಕ್ಕರು. ಆಮ್ಯಾಲೆ ಒಬ್ಬ ಹುಡುಗ ‘ಅಣ್ಣಾ, ನಮ್ಮ ಅಜ್ಜಿ ಕತಿ ಭಾಳ ಚಲೋ ಹೇಳತಾಳ, ನಿನ್ನೆನೂ ಜ್ವರ ಇತ್ತು, ಲಗೂನ ಮಾಡಬೇಕು’ ಅಂದ.

ನಾಳೆ ಸಂಜಿಕ ಅವರ ಮನಿಗೆ ಹೊಂಟೀನಿ. ನಿಮ್ಮ ನಿಮ್ಮ ಓಣಿಯಾಗ ಯಾರು ಅದಾರ, ಯಾರ ದನಿ ಮೊದಲು ಹಿಡೀಬೇಕು, ಕಮೆಂಟಿನಾಗ ಬರೀರಿ. ಅವರನ್ನ ಕೇಳದ ಅವರ ಹೆಸರು ಮಾತ್ರ ಹಾಕಬ್ಯಾಡ್ರಿ.

ಜೈ ಭೀಮ್.